ಶಿಶು ಬೆಳವಣಿಗೆಯ ಸಂಸ್ಥೆಗಳನ್ನು ಮುನ್ನಡೆಸಿದವರು ಯಾರು?

ವಿಕಲಚೇತನ ಮಕ್ಕಳಿಗಾಗಿ ದುಡಿಯುವ ಸಂಸ್ಥೆಗಳಿಗೆ ನಾಯಕತ್ವ ಗೊತ್ತಿಲ್ಲ, ಕಂಪನಿಗಳಲ್ಲಿ ಪಳಗಿದವರು ಬಂದು ಕಲಿಸಬೇಕು ಎಂಬ ಮಾತು ಈಚೆಗೆ ಸಭೆ ಸಭೆಗಳಲ್ಲಿ ಕೇಳಿಬರುತ್ತಿದೆ. ಈ ಕ್ಷೇತ್ರ ಬೆಳೆದುಬಂದ ದಾರಿಯನ್ನು ಬಲ್ಲವರು ಹಾಗೆ ಹೇಳಲಾರರು.

ಮೊದಲಿಗೆ ಇದ್ದದ್ದು ಧರ್ಮಾರ್ಥ ಶಾಲೆಗಳು. ಅಲ್ಲಿ ಕಿವುಡ, ಕುರುಡ ಮಕ್ಕಳಿಗೆ ಅಕ್ಷರ, ಕಸುಬು ಸಿಗುತ್ತಿತ್ತು. ಹಸುಗೂಸಿನ ವಿಚಾರ ಯಾರ ಲೆಕ್ಕದಲ್ಲೂ ಇರಲಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ವಿಕಲಚೇತನರಿಗಾಗಿ ಎಪಿಡಿ ಸಂಸ್ಥೆ ಕಟ್ಟಿದ ಎನ್. ಎಸ್. ಹೇಮಾ ಸ್ವತಃ ಪೋಲಿಯೊಗೆ ತುತ್ತಾದವರು. 1965ರಲ್ಲಿ ಮೈಸೂರಿಗೆ ವಾಕ್ ಶ್ರವಣ ಸಂಸ್ಥೆ ಬಂತು. 1972ರಲ್ಲಿ ಮುಂಬೈಯ ಮಿಥು ಅಲೂರ್, ಸೆರೆಬ್ರಲ್ ಪಾಲ್ಸಿ ಇದ್ದ ಮಗಳನ್ನು ಸಾಕುತ್ತಲೇ ಸ್ಪಾಸ್ಟಿಕ್ಸ್ ಸೊಸೈಟಿ ಆರಂಭಿಸಿದರು. 1975ರಲ್ಲಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್‌ನ ಮೊದಲ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ತಿ. ನರಸೀಪುರವೂ ಇತ್ತು. ಆ ಯೋಜನೆಯ ಅಂಗನವಾಡಿ ಮಗುವನ್ನು ತೂಗಿತು, ಆಹಾರ ಕೊಟ್ಟಿತು. ಕತ್ತು ನಿಂತಿದೆಯೇ, ಕರೆದರೆ ತಿರುಗುತ್ತದೆಯೇ ಎಂದು ನೋಡುವ ತರಬೇತಿ ಮಾತ್ರ ತಡವಾಗಿ ಬಂತು.

ಈ ಕ್ಷೇತ್ರದಲ್ಲಿ ದುಡಿದ ನಾವೆಲ್ಲ ಕೆಲಸ ಕಲಿತದ್ದು 1980ರ ದಶಕದಲ್ಲಿ. 1985ರಲ್ಲಿ ರೂಮಾ ಬ್ಯಾನರ್ಜಿ ಬೆಂಗಳೂರಿನಲ್ಲಿ ಸೇವಾ ಇನ್ ಆ್ಯಕ್ಷನ್ ಆರಂಭಿಸಿ, ಕೇಂದ್ರವನ್ನು ನಗರದಲ್ಲಿ ಕಟ್ಟುವ ಬದಲು ಹಳ್ಳಿಯ ಮನೆಗಳಿಗೆ ಹೋಗುವ ದಾರಿ ಹಿಡಿದರು. ತಿರುವನಂತಪುರದ ಡಾ. ಎಂ. ಕೆ. ಸಿ. ನಾಯರ್ ತಂಡ ಎರಡು ವರ್ಷದವರೆಗಿನ ಮಕ್ಕಳ ಬೆಳವಣಿಗೆ ಪರೀಕ್ಷಿಸಲು ಹದಿನೇಳೇ ಅಂಶಗಳ ಪಟ್ಟಿ ರೂಪಿಸಿತು. ಪಟ್ಟಿಯಲ್ಲಿ ಮಗುವಿನ ವಯಸ್ಸಿನ ತಿಂಗಳ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಟ್ಟರೆ ಸಾಕು, ಎಡಕ್ಕೆ ಉಳಿದ ಕೆಲಸಗಳನ್ನು ಮಗು ಮಾಡುತ್ತಿರಬೇಕು. ಏಳನೇ ತರಗತಿ ಓದಿದ ಕಾರ್ಯಕರ್ತೆಯೂ ಇದನ್ನು ಬಳಸಬಲ್ಲಳು. 1989ರಲ್ಲಿ ಚೆನ್ನೈನಲ್ಲಿ ಹುಟ್ಟಿದ ಮಧುರಂ ನಾರಾಯಣನ್ ಕೇಂದ್ರದಲ್ಲಿ ಜಯಾ ಕೃಷ್ಣಸ್ವಾಮಿಯವರು ತಾಯಿಯನ್ನು ಹೊರಗೆ ಕೂರಿಸಲಿಲ್ಲ, ಕಲಿಸುವವಳನ್ನಾಗಿ ಮಾಡಿದರು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ಸಾಧನೆ ಇದೇ.

ಮನೆಗಳಲ್ಲಿ ನಡೆಯುತ್ತಿದ್ದ ಆ ಕೆಲಸ ಹೇಗಿತ್ತೆಂದರೆ, ಕಾರ್ಯಕರ್ತೆ ಮನೆಯ ಹಳೇ ಸೀರೆಯನ್ನೇ ಸುತ್ತಿ ಮಗುವಿನ ಎದೆಯಡಿ ಇಟ್ಟು ಬೋರಲು ಮಲಗಿಸುತ್ತಿದ್ದಳು. ಮುಂದೆ ತಾಯಿ ಕೂತು ಬಳೆ ಅಲ್ಲಾಡಿಸುವಳು. ಮಗು ಸದ್ದಿನ ಕಡೆ ತಲೆ ಎತ್ತಬೇಕು. ಕೂರಲಾಗದ ಮಗುವಿಗೆ ಊರ ಬಡಗಿಯಿಂದಲೇ ಮೂಲೆ ಕುರ್ಚಿ ಮಾಡಿಸುತ್ತಿದ್ದೆವು. ಸ್ನಾನ, ಊಟ, ಬಟ್ಟೆ ಹಾಕುವುದು, ಎಲ್ಲವೂ ವ್ಯಾಯಾಮದ ಹೊತ್ತೇ. ಇಂಥ ಮನೆಗಳಲ್ಲಿ ತೀರ್ಮಾನ ತೆಗೆದುಕೊಳ್ಳುತ್ತ ಪಳಗಿದವರೇ ಮುಂದೆ ಸಂಸ್ಥೆಗಳನ್ನು ನಡೆಸಿದರು.

ಆಮೇಲೆ ಕಾನೂನುಗಳ ಕಾಲ ಬಂತು. 1995ರ ವಿಕಲಚೇತನರ ಕಾಯ್ದೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, 21 ವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದ ಜಿಲ್ಲಾಸ್ಪತ್ರೆಗಳಿಗೆ ಶೀಘ್ರ ಪತ್ತೆ ಕೇಂದ್ರಗಳು ಬಂದವು. ಇವು ದೊಡ್ಡ ಗಳಿಕೆಗಳೇ. ಕಂಪನಿಗಳ ಸಾಮಾಜಿಕ ಹೊಣೆಯ ಹಣವೂ ಇದೇ ಹೊತ್ತಿಗೆ ಹರಿಯಿತು, ಅದರೊಂದಿಗೆ ಒಂದು ವರ್ಷದ ಯೋಜನೆ, ತಲೆಯೆಣಿಕೆಯ ವರದಿಗಳು ಬಂದವು. ಮಿದುಳಿಗೆ ಪೆಟ್ಟಾದ ಮಗು ಕೂರಲು ಕಲಿಯುವುದಕ್ಕೆ ಎಷ್ಟೋ ಸಲ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕು.

ಈ ಚರಿತ್ರೆಯಲ್ಲಿ ಬರೆಯದೆ ಉಳಿದ ಅಧ್ಯಾಯವೊಂದಿದೆ. ಸಂಸ್ಥಾಪಕಿಯರ ಹೆಸರು ದಾಖಲಾಯಿತು. ಮನೆ ಮನೆ ತಿರುಗಿದ ಕಾರ್ಯಕರ್ತೆಯರದು ಆಗಲಿಲ್ಲ. ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತಾವೇ ವಿಕಲಚೇತನರು, ಇಂದಿಗೂ ಗೌರವಧನದ ಮೇಲೆ ದುಡಿಯುತ್ತಾರೆ. ಸಂಸ್ಥಾಪಕಿ ನಿವೃತ್ತರಾದಾಗ ಟ್ರಸ್ಟ್ ಮಂಡಳಿಗಳು ಹೊಸಬರನ್ನು ಹೊರಗೆ ಹುಡುಕುತ್ತವೆ. ಲೆಕ್ಕಪತ್ರ, ಯೋಜನೆ ಬರೆಯುವುದನ್ನು ಕಾರ್ಯಕರ್ತೆಗೆ ಎರಡು ವರ್ಷದಲ್ಲಿ ಕಲಿಸಬಹುದು. ತಾಯಿಯ ಮುಖ ನೋಡಿ ಇವತ್ತು ಏನು ಹೇಳಬೇಕು, ಏನು ಹೇಳಬಾರದು ಎಂದು ತಿಳಿಯುವುದಕ್ಕೆ ಇಪ್ಪತ್ತು ವರ್ಷ ಬೇಕು. ಮಂಡಳಿಗಳು ಮುಂದಿನ ನಿರ್ದೇಶಕರ ಹುಡುಕಾಟವನ್ನು ತಮ್ಮ ಹಾಜರಿ ಪುಸ್ತಕದಿಂದಲೇ ಶುರುಮಾಡಲಿ.