ಬೆರಳಿನ ಮಸಿಯೂ ಮಾರ್ಕರ್ ಪೆನ್ನೂ

ಪಾರ್ಸಲ್ ಮೇಲೆ ವಿಳಾಸ ಬರೆಯಲು, ಅಡುಗೆಮನೆಯ ಡಬ್ಬಗಳಿಗೆ ಹೆಸರು ಹಾಕಲು, ಮಕ್ಕಳ ನೀರಿನ ಬಾಟಲಿಗೆ ಗುರುತು ಮಾಡಲು ಇಂದು ಪರ್ಮನೆಂಟ್ ಮಾರ್ಕರ್ ಪೆನ್ನು ಬೇಕೇ ಬೇಕು. ನೀರು ಬಿದ್ದರೂ ಅದರ ಅಕ್ಷರ ಅಳಿಸದು. ಹಾಗಿದ್ದರೆ ಮತಗಟ್ಟೆಯಲ್ಲಿ ಪುಟ್ಟ ಸೀಸೆ, ಕಡ್ಡಿಗಳ ಗೊಡವೆ ಏಕೆ? ಇದೇ ಪೆನ್ನಿನಿಂದ ಮತದಾರರ ಬೆರಳಿಗೆ ಒಂದು ಗೆರೆ ಎಳೆದರೆ ಸಾಲದೆ?

ಸಾಲದು. ಏಕೆಂದರೆ ಅಳಿಸದ ಗುರುತುಗಳಲ್ಲಿ ಎರಡು ಬಗೆ. ಒಂದು, ಮೇಲೆ ಅಂಟಿಕೊಳ್ಳುವುದು. ಇನ್ನೊಂದು, ಒಳಗೆ ಬೆರೆತುಹೋಗುವುದು.

ಮಡಿವಾಳರ ಕೇರುಬೀಜ

ಪೆನ್ನು ಬರುವುದಕ್ಕೆ ಎಷ್ಟೋ ಮೊದಲು ಈ ವಿದ್ಯೆ ನಮ್ಮ ಮಡಿವಾಳರಿಗೆ ಗೊತ್ತಿತ್ತು. ಹತ್ತಾರು ಮನೆಗಳ ಬಟ್ಟೆಯನ್ನು ಒಟ್ಟಿಗೆ ಒಗೆಯುವಾಗ ಯಾರದು ಯಾವುದೆಂದು ತಿಳಿಯಬೇಕಲ್ಲ! ಅದಕ್ಕೆ ಕೇರುಬೀಜದ ರಸದಲ್ಲಿ ಚುಕ್ಕಿ, ಗೆರೆ ಹಾಕುತ್ತಿದ್ದರು. ಸುಣ್ಣ ಸೇರಿದರೆ ಈ ರಸ ಕಪ್ಪಾಗಿ ನೂಲಿಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆಯುರ್ವೇದದ ಭಲ್ಲಾತಕ ಇದೇ. ಇಂಗ್ಲಿಷಿನವರು ಇದನ್ನು ‘ಮಾರ್ಕಿಂಗ್ ನಟ್’ ಎಂದೇ ಕರೆದರು.

ಆದರೆ ಕೇರು ಚರ್ಮಕ್ಕೆ ಸೋಕಿದರೆ ಬೊಬ್ಬೆ ಏಳುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಅಮೆರಿಕದ ಸೈನಿಕರಿಗೆ ಕತ್ತಿನ ಹಿಂಭಾಗದಲ್ಲಿ ತುರಿಕೆ, ಗುಳ್ಳೆ ಕಾಣಿಸಿಕೊಂಡವು. ವೈದ್ಯರು ಪರೀಕ್ಷಿಸಿದಾಗ ಸಿಕ್ಕಿದ್ದು ಅಂಗಿಯ ಮೇಲಿನ ಧೋಬಿ ಗುರುತು!

ಪೆನ್ನಿನೊಳಗೆ ಏನಿದೆ?

ಇಂದಿನ ಮಾದರಿಯ ಮಾರ್ಕರ್ ಪೆನ್ನು ಅಮೆರಿಕದಲ್ಲಿ ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಇದರ ಶಾಯಿಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ: ಬಣ್ಣ, ಅಂಟಿಸುವ ರಾಳ, ಇವೆರಡನ್ನೂ ಕರಗಿಸಿ ಹರಿಯುವಂತೆ ಮಾಡುವ ದ್ರಾವಕ. ಬರೆದ ಕೂಡಲೇ ದ್ರಾವಕ ಆರಿಹೋಗುತ್ತದೆ. ಉಳಿದ ರಾಳ ಬಣ್ಣವನ್ನು ಗಾಜು, ಪ್ಲಾಸ್ಟಿಕ್ಕಿಗೆ ಕಚ್ಚಿಸುತ್ತದೆ. ಹಿಂದೆ ದ್ರಾವಕವಾಗಿ ಕ್ಸೈಲೀನ್, ಟಾಲ್ವೀನ್ ಹೆಚ್ಚಾಗಿ ಬಳಕೆಯಲ್ಲಿದ್ದವು. ಅವುಗಳ ಆವಿ ತಲೆನೋವು, ತಲೆಸುತ್ತು ತರುತ್ತದೆ. ಈಗ ಬಹುಪಾಲು ಪೆನ್ನುಗಳಲ್ಲಿ ಆಲ್ಕೊಹಾಲ್ ಇರುತ್ತದೆ. ಆದರೂ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಬಳಸುವುದು, ಮಕ್ಕಳು ಮೂಸುವುದು ಒಳ್ಳೆಯದಲ್ಲ.

ನೀರಿಗೆ ಬಗ್ಗದ ಈ ಗುರುತು ಸ್ಪಿರಿಟ್ಟಿಗೋ ಉಗುರುಬಣ್ಣ ತೆಗೆಯುವ ಅಸಿಟೋನಿಗೋ ಕರಗುತ್ತದೆ. ಚರ್ಮದ ಮೇಲಂತೂ ಬೆವರು, ಎಣ್ಣೆಗಳಿಂದ ಬೇಗ ಮಾಸುತ್ತದೆ.

ಮೈಸೂರಿನ ಶಾಯಿ

ಚುನಾವಣೆಯ ಶಾಯಿಯ ಬಗೆಯೇ ಬೇರೆ. ಅದರ ಪೂರ್ಣ ಸೂತ್ರ ಗುಟ್ಟಾದರೂ ಮುಖ್ಯ ವಸ್ತು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. ಇದು ಚರ್ಮದಲ್ಲಿರುವ ಉಪ್ಪಿನ ಅಂಶದೊಡನೆ ಸೇರಿ ನೀರಿನಲ್ಲಿ ಕರಗದ ವಸ್ತುವಾಗುತ್ತದೆ, ಬೆಳಕಿಗೆ ಕಪ್ಪಾಗುತ್ತದೆ. ಹಳೆಯ ಕಪ್ಪು-ಬಿಳುಪು ಫೋಟೋಗಳ ಹಿಂದಿದ್ದುದೂ ಬೆಳ್ಳಿಯ ಲವಣಗಳ ಇದೇ ಗುಣ. ಹಳೆಯ ಚರ್ಮ ಉದುರಿ, ಉಗುರು ಬೆಳೆದು ಮುಂದೆ ಸಾಗಿದ ಮೇಲಷ್ಟೇ ಗುರುತು ಹೋಗುತ್ತದೆ. ಬೆರಳಿಗೆ ಹಚ್ಚುವಷ್ಟು ಪ್ರಮಾಣದಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಕಣ್ಣಿಗೆ ಮಾತ್ರ ತಾಗಬಾರದು.

ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಈ ಸೂತ್ರದಿಂದ ಶಾಯಿ ತಯಾರಿಸುವ ಹೊಣೆ ಮೈಸೂರಿಗೆ ಬಂದದ್ದು 1962ರಲ್ಲಿ, ಮೂರನೇ ಮಹಾಚುನಾವಣೆಯ ವೇಳೆಗೆ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಆರಂಭಿಸಿದ ಅರಗಿನ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. 25ಕ್ಕೂ ಹೆಚ್ಚು ದೇಶಗಳು ಇಲ್ಲಿಂದ ಶಾಯಿ ತರಿಸಿಕೊಂಡಿವೆ. 2016ರ ನೋಟು ರದ್ದತಿಯಲ್ಲಿ ಬ್ಯಾಂಕಿಗೆ ಬಂದವರ ಬೆರಳಿಗೂ, 2020ರ ಕೊರೊನಾ ಕಾಲದಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ಕೈಗೂ ಅಳಿಸದ ಶಾಯಿಯ ಗುರುತು ಬಿತ್ತು.

ಆಫ್ಘಾನಿಸ್ತಾನದ ಪಾಠ

ಪೆನ್ನಿಗೂ ಶಾಯಿಗೂ ಇರುವ ವ್ಯತ್ಯಾಸದ ಬೆಲೆ ಏನೆಂಬುದು 2004ರ ಅಕ್ಟೋಬರ್ 9ರಂದು ತಿಳಿಯಿತು. ಅಂದು ಆಫ್ಘಾನಿಸ್ತಾನದಲ್ಲಿ ಮೊದಲ ನೇರ ಅಧ್ಯಕ್ಷೀಯ ಚುನಾವಣೆ. ಬೆಳಗ್ಗೆಯೇ ಬೆರಳಿನ ಗುರುತು ತೊಳೆದರೆ ಹೋಗುತ್ತಿದೆ ಎಂಬ ದೂರುಗಳು ಬಂದವು. ಕೆಲವು ಮತಗಟ್ಟೆಗಳಲ್ಲಿ ಸಿಬ್ಬಂದಿ ಶಾಯಿಯ ಬದಲು ಮತಪತ್ರಕ್ಕೆ ಗುರುತು ಹಾಕಲು ಇಟ್ಟಿದ್ದ ಮಾಮೂಲಿ ಪೆನ್ನನ್ನು ಬಳಸಿದ್ದರು. ಮಧ್ಯಾಹ್ನದ ಹೊತ್ತಿಗೆ ಹಮೀದ್ ಕರ್ಜಾಯಿ ಅವರ ಎದುರಾಳಿಗಳೆಲ್ಲ ಚುನಾವಣೆ ಬಹಿಷ್ಕರಿಸುವುದಾಗಿ ಘೋಷಿಸಿದರು! ಪರಿಣತರ ತನಿಖೆಗೆ ಒಪ್ಪಿಗೆಯಾದ ಮೇಲೆಯೇ ಬಿಕ್ಕಟ್ಟು ತಣ್ಣಗಾಯಿತು.

ಡಬ್ಬದ ಮೇಲಿನ ಅಕ್ಷರ ಅಳಿಸಿದರೆ ಮತ್ತೆ ಬರೆಯಬಹುದು. ಬೆರಳಿನ ಮೇಲಿನ ಗೆರೆ ಅಳಿಸಿದರೆ ಒಬ್ಬನೇ ಎರಡು ಸಲ ಮತ ಹಾಕಿಯಾನೆಂಬ ಅನುಮಾನ ಹುಟ್ಟುತ್ತದೆ. ಪುಟ್ಟ ಸೀಸೆ, ಕಡ್ಡಿಗಳ ಗೊಡವೆ ಬೇಕಾಗಿರುವುದು ಅದಕ್ಕೇ.