ಅಟ್ಲಾಂಟಾದ ಚಾಕು ಮೇಳದಲ್ಲಿ ನಮ್ಮ ಉಕ್ಕು

ವಾಚು ಕೂಡಿಸ್ತೀನಿ ಅಂದ್ರೆ ಜನ ಹತ್ತಿರ ಬಂದು ನೋಡ್ತಾರೆ. ಚಾಕು ಕೂಡಿಸ್ತೀನಿ ಅಂದ್ರೆ ಒಂದು ಹೆಜ್ಜೆ ಹಿಂದೆ ಸರೀತಾರೆ. ಹಾಗಾಗಿ ಆಫೀಸಿನ ಕೆಲಸಕ್ಕೆ ಅಮೆರಿಕಕ್ಕೆ ಹೋದವನು ವಾರಾಂತ್ಯಕ್ಕೆ ಅಟ್ಲಾಂಟಾದ ಬ್ಲೇಡ್ ಶೋಗೆ ಹೊರಟಿದ್ದನ್ನು ಟೀಮಿನಲ್ಲಿ ಯಾರಿಗೂ ಹೇಳಲಿಲ್ಲ.

ಪ್ರತಿ ಜೂನ್‌ನಲ್ಲಿ ನಡೆಯುವ ಈ ಮೇಳದಲ್ಲಿ ನೂರಾರು ಮೇಜುಗಳು. ಬಹುತೇಕ ಮೇಜಿನ ಹಿಂದೆ ಚಾಕು ಮಾಡಿದವರೇ ನಿಂತಿರುತ್ತಾರೆ. ಕೇಳದೆ ಎತ್ತಬಾರದು, ಅಲಗಿಗೆ ಬೆರಳು ತಾಗಿಸಬಾರದು (ಕೈಬೆವರಿಗೆ ತುಕ್ಕು ಹಿಡಿಯುತ್ತೆ). ಎತ್ತಿದ ಮೇಲೆ ನಮ್ಮಂಥವರು ಮೊದಲು ನೋಡೋದು ಹರಿತವನ್ನಲ್ಲ, ಹಿಡಿಯ ಹತ್ತಿರ ಒತ್ತಿರುವ ಹೆಸರನ್ನು. ಯಾರು ಮಾಡಿದ್ದು ಅನ್ನೋದರ ಮೇಲೆಯೇ ಬೆಲೆ.

ಈ ಹೆಸರಿನ ಸಂಸ್ಕೃತಿ ಅಲ್ಲಿ ಬೇರೂರಿದ್ದೂ ಇತ್ತೀಚೆಗೆ. ಕೈಯಿಂದ ಚಾಕು ಮಾಡುವವರು ಸೇರಿ ನೈಫ್‌ಮೇಕರ್ಸ್ ಗಿಲ್ಡ್ ಕಟ್ಟಿಕೊಂಡಿದ್ದು 1970ರಲ್ಲಿ. 1973ರ ಗಿಲ್ಡ್ ಪ್ರದರ್ಶನಕ್ಕೆ ಬಿಲ್ ಮೊರಾನ್ ಎಂಬ ಕಮ್ಮಾರ ನೀರಿನ ಅಲೆಯಂಥ ಗೆರೆಗಳಿದ್ದ ಡಮಾಸ್ಕಸ್ ಚಾಕುಗಳನ್ನು ತಂದ. ಮಾಡುವ ವಿಧಾನವನ್ನು ಗುಟ್ಟಾಗಿಡದೆ ಪುಸ್ತಿಕೆ ಮಾಡಿ ಪುಕ್ಕಟೆ ಹಂಚಿದ. ಇವತ್ತು ಆ ಮೇಳದಲ್ಲಿ ಎಲ್ಲಿ ನೋಡಿದರೂ ಅಲೆಗಳೇ. ಮೊರಾನ್ 1976ರಲ್ಲಿ ಶುರುಮಾಡಿದ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆಯೂ ಮಜವಾಗಿದೆ: ಒಂದೇ ಚಾಕು ತೂಗುಬಿಟ್ಟ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು, ಮರದ ಪಟ್ಟಿ ಕಡಿಯಬೇಕು, ಆಮೇಲೂ ಕೈಮೇಲಿನ ಕೂದಲು ಬೋಳಿಸಬೇಕು, ಕೊನೆಗೆ 90 ಡಿಗ್ರಿ ಬಗ್ಗಿದರೂ ಮುರೀಬಾರದು.

ಆದರೆ ಈ ಅಲೆಗಳು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಕಾಯಿಸಿ ಬಡಿದು ಬೆಸೆದದ್ದರಿಂದ ಬಂದವು. ಹಳೇ ಕಾಲದ ಪ್ರಸಿದ್ಧ ಡಮಾಸ್ಕಸ್ ಕತ್ತಿಗಳದ್ದು ಬೇರೆ ಕಥೆ. ಅಲ್ಲಿ ಪದರಗಳಿಲ್ಲ, ಮೂಸೆಯಲ್ಲಿ ಕರಗಿಸಿದ ಒಂದೇ ಗಟ್ಟಿಯೊಳಗಿಂದ ಅಲೆ ಮೂಡುತ್ತದೆ. ಊರಿನ ಹೆಸರು ಸಿರಿಯಾದ್ದು, ಆ ಗಟ್ಟಿಗಳಿಗೆ ಹೆಸರಾಗಿದ್ದು ದಕ್ಷಿಣ ಭಾರತ. 1794ರಲ್ಲಿ ಮುಂಬೈಯಿಂದ ಲಂಡನ್ನಿಗೆ ಇದರ ಮಾದರಿಗಳು ಹೋದವು. ಮರುವರ್ಷ ಜಾರ್ಜ್ ಪಿಯರ್ಸನ್ ತನ್ನ ಪ್ರಬಂಧದಲ್ಲಿ ಇದನ್ನು 'ವೂಟ್ಜ್' ಅಂತ ಬರೆದ. ನಮ್ಮ 'ಉಕ್ಕು' ಅನ್ನೋ ಪದವೇ ಬರೆಯುವಲ್ಲೋ ಅಚ್ಚಾಗುವಲ್ಲೋ ಹೀಗೆ ಕೆಟ್ಟಿತು ಅನ್ನೋದು ಸಾಮಾನ್ಯ ಅಭಿಪ್ರಾಯ. ಮುಂದೆ ಮೈಕೆಲ್ ಫ್ಯಾರಡೆ ಕೂಡ, ಹೌದು ಕರೆಂಟಿನ ಫ್ಯಾರಡೆಯೇ, ಸ್ಟೊಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ ಇದರ ಗುಟ್ಟು ಹುಡುಕಿದ.

ಲಂಡನ್ನಿನವರು ಪ್ರಯೋಗಾಲಯದಲ್ಲಿ ಹುಡುಕುತ್ತಿದ್ದುದು ನಮ್ಮಲ್ಲಿ ಊರಾಚೆಯ ಕುಲುಮೆಯ ಕೆಲಸ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತುತ್ತಾ ಇದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ತಿದಿ ಒತ್ತಿ ಕಾಯಿಸುವುದು. ಕಡ್ಡಿ, ಎಲೆಯಿಂದ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಅದರಲ್ಲಿ ಕಲ್ಲುಕುಟಿಗರ ಉಳಿ, ಕತ್ತಿ. ಚನ್ನರಾಯನ ದುರ್ಗದಲ್ಲಂತೂ ವಾದ್ಯಗಳಿಗೆ ತಂತಿ ಎಳೆಯುತ್ತಿದ್ದರು. ಮಧುಗಿರಿ ಹತ್ತಿರದ ಅದೇ ದುರ್ಗ ಕಣ್ರೀ, ಶನಿವಾರ ಬೆಳಗ್ಗೆ ಟ್ರೆಕ್ಕಿಂಗ್ ಹೋಗಿ ಫೋಟೋ ಹಾಕ್ತೀವಲ್ಲ, ಅದೇ.

ಮೇಳದ ಒಂದು ಮೂಲೆಯಲ್ಲಿ ಕೊನೆಗೂ ಅಸಲಿ ವೂಟ್ಜ್ ಸಿಕ್ಕಿತು. ಫ್ಲಾರಿಡಾದ ಆಲ್ ಪೆಂಡ್ರೆ, ಕುದುರೆಗೆ ಲಾಳ ಕಟ್ಟುತ್ತಿದ್ದವರು, ಲೋಹವಿಜ್ಞಾನಿ ಜಾನ್ ವರ್‌ಹೋವನ್ ಜೊತೆ ವರ್ಷಗಟ್ಟಲೆ ದುಡಿದು ಆ ಅಲೆಯನ್ನು ಮತ್ತೆ ಮೂಡಿಸಿದ್ದರು. ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ವನೇಡಿಯಂನಂಥ ಧಾತುಗಳೇ ಅಲೆಗೆ ಕಾರಣ ಅನ್ನೋದು ಅವರ ವಾದ. ಅಂಥ ಅದಿರು ತಪ್ಪಿದ್ದಕ್ಕೇ ವಿದ್ಯೆ ಕೈಬಿಟ್ಟಿರಬಹುದಂತೆ. ಇರಬಹುದು, ಆದರೆ ಇಂಗ್ಲೆಂಡಿನ ಅಗ್ಗದ ಉಕ್ಕು ಬಂದಿಳಿದ ಮೇಲೆ ಆ ಕುಲುಮೆಗಳಿಗೆ ಗಿರಾಕಿ ಎಲ್ಲಿದ್ದರು ಅನ್ನೋದನ್ನೂ ಕೇಳಬೇಕು.

ಪೆಂಡ್ರೆ ದಾರಿಯಲ್ಲೇ ಕೆಲಸ ಮಾಡುತ್ತಿದ್ದ ಆ ಮೇಜಿನ ಅಜ್ಜ, ನಾನು ಬೆಂಗಳೂರಿನವನು ಅಂದದ್ದೇ ತಡ, "ಆ ಪದ ನಿಮ್ಮ ಬಾಯಲ್ಲಿ ಕೇಳಬೇಕು, ಹೇಳಿ" ಅಂದರು. ಹೇಳಿದೆ. ಎರಡು ಸಲ ತಾವೂ ಅಂದರು. ಆಮೇಲೆ, "ನಿಮ್ಮ ಕಡೆ ಅದನ್ನು ಮಾಡುತ್ತಿದ್ದವರಲ್ಲಿ ದೊಡ್ಡ ಹೆಸರು ಯಾರದು?"

ಸಂಗ್ರಹಕಾರನ ಪ್ರಶ್ನೆ. ನಾನೇ ಬೆಳಗ್ಗೆಯಿಂದ ಮೇಜು ಮೇಜಿಗೂ ಕೇಳಿದ್ದು ಅದೇ. ಬುಕನನ್ ಕಬ್ಬಿಣದ ತೂಕ, ಗಿಡದ ಹೆಸರು ಎಲ್ಲ ಬರೆದಿಟ್ಟಿದ್ದಾನೆ. ನಾನು ಓದಿದ ಪುಟಗಳಲ್ಲಿ ಒಬ್ಬ ಕಮ್ಮಾರನ ಹೆಸರೂ ಕಂಡಿಲ್ಲ. ಹಾಗೇ ಹೇಳಿದೆ. ಅಜ್ಜ ತಲೆಯಾಡಿಸಿ ತಮ್ಮ ಕಾರ್ಡು ತಿರುಗಿಸಿ ಪೆನ್ನು ಕೊಟ್ಟರು, "ಪದವನ್ನಾದರೂ ನಿಮ್ಮ ಲಿಪಿಯಲ್ಲಿ ಬರೆದುಕೊಡಿ." ದೊಡ್ಡದಾಗಿ 'ಉಕ್ಕು' ಅಂತ ಬರೆದುಕೊಟ್ಟೆ. ಅವರ ಚಾಕುವಿನ ಬೆಲೆ ನನ್ನ ತಿಂಗಳ ಬಾಡಿಗೆಗಿಂತ ಜಾಸ್ತಿ ಇತ್ತು. ಬಟ್ಟೆಯಿಂದ ಅಲಗು ಒರೆಸಿ ವಾಪಸ್ ಇಟ್ಟೆ.