ರೆಕ್ಕೆ ನಮ್ಮದು, ಎಂಜಿನ್ ಯಾರದು?

ವಿಮಾನದ ಇತಿಹಾಸ ಅಂದ್ರೆ ಎಲ್ಲರೂ ರೆಕ್ಕೆಯ ಕಥೆ ಹೇಳ್ತಾರೆ. ನಾನು ಲೋಹದ ಕಥೆ ಹೇಳುತ್ತೇನೆ. 1961ರಲ್ಲಿ ಬೆಂಗಳೂರಿನ ಎಚ್‌ಎಎಲ್‌ ಕಟ್ಟಿದ ಮಾರುತ್ ಹಾರಿತು. ವಿನ್ಯಾಸ ಶಬ್ದವೇಗ ಮೀರುವಂಥದ್ದು. ಆರ್ಫಿಯಸ್ ಎಂಜಿನ್‌ಗೆ ಅಷ್ಟು ಕಸುವಿರಲಿಲ್ಲ. 1989ರಲ್ಲಿ ಜಿಟಿಆರ್‌ಇಯ ಕಾವೇರಿ ಎಂಜಿನ್ ಯೋಜನೆಗೆ ಮಂಜೂರಾತಿ ಸಿಕ್ಕಿತು. ತೊಡಕು ಎಲ್ಲಿ? ಟೈಟಾನಿಯಂ ನಿಕಲ್‌ನ ಅರ್ಧದಷ್ಟೇ ಭಾರ, ಆದರೆ ಸುಮಾರು 600 ಡಿಗ್ರಿ ದಾಟಿದರೆ ಸೋಲುತ್ತೆ. ಅದು ಕಂಪ್ರೆಸರಿಗೆ ಸರಿ. ಟರ್ಬೈನಿನ ಕೆಂಡದಂಥ ಅನಿಲಕ್ಕೆ ನಿಕಲ್ ಮಿಶ್ರಲೋಹವೇ ಬೇಕು. ಅಲಗಿನೊಳಗೆ ತಂಪುಗಾಳಿಗೆ ದಾರಿ ಬಿಟ್ಟು, ಹರಳುಗಳು ಒಂದೇ ದಿಕ್ಕಿಗೆ ಬೆಳೆಯುವಂತೆ ಎರಕ ಹೊಯ್ಯಬೇಕು. ಮುಂದೆ ತೇಜಸ್ ಎನಿಸಿಕೊಂಡ ವಿಮಾನ 2001ರಲ್ಲಿ ಹಾರಿದ್ದು ಅಮೆರಿಕದ ಎಂಜಿನ್‌ನಿಂದ. 2008ರಲ್ಲಿ ಕಾವೇರಿಯನ್ನು ಅದರಿಂದ ಬೇರ್ಪಡಿಸಿದರು. ನನ್ನ ವಾದ ಇಷ್ಟೆ: ಎಂಜಿನ್ ಕೊಂಡು ತರಬಹುದು, ಎರಕದ ಕೈಚಳಕ ಕೊಳ್ಳೋಕಾಗಲ್ಲ.